ನದಿಮಾರ್ಗದ ಉಗಿಹಡಗುಗಳಿಗೆ ಕಡಲ್ಗಳ್ಳರಿಂದ ರಕ್ಷಣೆ ಕೋರಿ ಮನವಿ

ಹಾಂಗ್‌ಕಾಂಗ್, ಡಿಸೆಂಬರ್ 1926

ಇವರಿಗೆ,
ಘನತೆವೆತ್ತ ಗವರ್ನರ್ ಹಾಗೂ ಕಾರ್ಯಕಾರಿ ಮಂಡಳಿ, ಹಾಂಗ್‌ಕಾಂಗ್

ಇವರಿಂದ,
ಕ್ಯಾಂಟನ್, ಮಕಾವು ಮತ್ತು ಪಶ್ಚಿಮ ನದಿ ಮಾರ್ಗಗಳ ಉಗಿಹಡಗುಗಳ ಕಪ್ತಾನರು, ಅಧಿಕಾರಿಗಳು, ಎಂಜಿನಿಯರುಗಳು

ವಿಷಯ: ಹಡಗುಗಳ ರಕ್ಷಣೆಯ ಹೊಣೆಯನ್ನು ಸರ್ಕಾರ ವಹಿಸಿಕೊಳ್ಳುವ ಬಗ್ಗೆ

ಮಾನ್ಯರೇ,

ಇಂದಿನ ಕಡಲ್ಗಳ್ಳರು ದೋಣಿಯಲ್ಲಿ ಬೆನ್ನಟ್ಟಿ ಬರುವುದು ಅಪರೂಪ. ಟಿಕೆಟ್ ಕೊಂಡು, ಸಾಮಾನಿನ ಗಂಟಿನಲ್ಲಿ ಪಿಸ್ತೂಲು ಅಡಗಿಸಿಕೊಂಡು, ಎಲ್ಲರ ಜೊತೆಗೇ ಹಡಗು ಹತ್ತುತ್ತಾರೆ. 1890ರ ಡಿಸೆಂಬರಿನಲ್ಲಿ 'ನಮೋವಾ' ಹಡಗಿನ ಕಪ್ತಾನರನ್ನು ಕೊಂದವರು ಹೀಗೆಯೇ ಬಂದವರು. 1922ರಲ್ಲಿ ಮಕಾವಿನಿಂದ ಹೊರಟ 'ಸುಯಿ ಆನ್' ಹಡಗನ್ನು ಕಳ್ಳರ ನೆಲೆಯಾದ ಬಯಾಸ್ ಕೊಲ್ಲಿಗೆ ಒಯ್ದವರೂ ಪ್ರಯಾಣಿಕರ ವೇಷದಲ್ಲಿದ್ದರು.

1914ರಲ್ಲಿ 'ತಾಯ್ ಆನ್' ಹಡಗಿನ ಅಧಿಕಾರಿಗಳು ಶರಣಾಗದೆ ಹೋರಾಡಿದಾಗ ಕಳ್ಳರು ಹಡಗಿಗೇ ಬೆಂಕಿ ಇಟ್ಟರು. ಅಪಾರ ಸಂಖ್ಯೆಯಲ್ಲಿ ಪ್ರಯಾಣಿಕರು ಸತ್ತರು. ಅದೇ ವರ್ಷ ಕಡಲ್ಗಳ್ಳತನ ತಡೆ ಕಾಯಿದೆ ಬಂತು. ಕಬ್ಬಿಣದ ಸರಳುಗಳು, ಬೀಗ ಹಾಕಿದ ಬಾಗಿಲುಗಳು, ಬಂದೂಕು ಹಿಡಿದ ಕಾವಲುಗಾರರು ಹಡಗಿನೊಳಗೆ ಬಂದರು. ಆದರೆ ಕಳೆದ ನವೆಂಬರಿನಲ್ಲಿ 'ಸನ್ನಿಂಗ್' ಹಡಗು ಕಳ್ಳರ ವಶವಾಯಿತು. ಅಧಿಕಾರಿಗಳು ಪ್ರಾಣದ ಹಂಗು ತೊರೆದು ಅದನ್ನು ಮರಳಿ ಪಡೆದಾಗ ಕಳ್ಳರು ಅಲ್ಲಿಯೂ ಬೆಂಕಿ ಹಚ್ಚಿದರು. ಆ ಅಧಿಕಾರಿಗಳ ಶೌರ್ಯಕ್ಕೆ ಎಲ್ಲರೂ ತಲೆಬಾಗಿದ್ದಾರೆ. ಆದರೆ ಶೌರ್ಯವನ್ನು ರಕ್ಷಣಾ ವ್ಯವಸ್ಥೆಯೆಂದು ಲೆಕ್ಕ ಹಿಡಿಯಲಾಗದು.

ಸರಳುಗಳು ಹಡಗಿನ ಮೇಲ್ಭಾಗವನ್ನು ಕಾಯುತ್ತವೆ. ಕೆಳಗಿನ ಡೆಕ್ಕಿನ ಚೀನೀ ಪ್ರಯಾಣಿಕರನ್ನು ಕಳ್ಳರ ಜೊತೆಯಲ್ಲೇ ಕೂಡಿಹಾಕುತ್ತವೆ. ದೋಚಲ್ಪಡುವವರೂ, ಒತ್ತೆಯಾಳಾಗಿ ಹಣಕ್ಕಾಗಿ ಒಯ್ಯಲ್ಪಡುವವರೂ ಬಹುಮಟ್ಟಿಗೆ ಅವರೇ. ಮೊದಲ ಗುಂಡಿಗೆ ಎದೆಯೊಡ್ಡಬೇಕಾದವರು ಭಾರತದಿಂದ ಬಂದ ಕಾವಲುಗಾರರು. ನಾವು ಹಡಗು ನಡೆಸಲು ಕರಾರು ಬರೆದುಕೊಟ್ಟವರು, ಯುದ್ಧ ಮಾಡಲು ಅಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಹಡಗು ಹೊರಡುವ ಮುನ್ನ ಕಟ್ಟೆಯಲ್ಲೇ ಪ್ರತಿಯೊಬ್ಬ ಪ್ರಯಾಣಿಕರನ್ನೂ ಸಾಮಾನನ್ನೂ ಪೊಲೀಸರು ಶೋಧಿಸಬೇಕು. ಹೆಂಗಸರ ತಪಾಸಣೆಗೆ ಹೆಂಗಸರನ್ನೇ ನೇಮಿಸಬೇಕು. ನಡುದಾರಿಯ ನಿಲ್ದಾಣಗಳಲ್ಲಿ ಹತ್ತುವವರಿಗೂ ಇದೇ ನಿಯಮವಿರಬೇಕು.

2. ಕಾವಲುಗಾರರು ಹಡಗು ಕಂಪನಿಯ ನೌಕರರಾಗಿರದೆ, ಸರ್ಕಾರವೇ ತರಬೇತಿ ಕೊಟ್ಟು, ಸಂಬಳ ಕೊಟ್ಟು, ತನ್ನ ಅಧಿಕಾರಿಗಳ ಕೈಕೆಳಗೆ ಇರಿಸಿಕೊಂಡವರಾಗಿರಬೇಕು.

3. ಪ್ರಯಾಣಿಕರನ್ನು ಒಯ್ಯುವ ಪ್ರತಿ ಹಡಗಿನಲ್ಲೂ ನಿಸ್ತಂತು ಯಂತ್ರವಿರಬೇಕು; ಅದರ ಕೋಣೆ ಸರಳುಗಳ ಒಳಭಾಗದಲ್ಲಿರಬೇಕು.

4. ಬಯಾಸ್ ಕೊಲ್ಲಿಯ ಬಾಯಲ್ಲಿ ನೌಕಾಪಡೆಯ ಗಸ್ತು ನಿರಂತರವಾಗಿರಬೇಕು. ದಡದ ಮೇಲಿನ ಕಳ್ಳರ ನೆಲೆಗಳು ಚೀನಾದ ನೆಲದಲ್ಲಿವೆ; ಕ್ಯಾಂಟನ್ ಸರ್ಕಾರದ ಸಹಕಾರವಿಲ್ಲದೆ ಅವು ಅಳಿಯುವುದಿಲ್ಲ. ಹಾಂಗ್‌ಕಾಂಗ್ ವಿರುದ್ಧ ಕ್ಯಾಂಟನ್ ನಡೆಸಿದ ಮುಷ್ಕರ, ಬಹಿಷ್ಕಾರ ಕಳೆದ ಅಕ್ಟೋಬರಿನಲ್ಲಿ ಮುಗಿದಿರುವುದರಿಂದ ಮಾತುಕತೆಯನ್ನು ಕೂಡಲೇ ಆರಂಭಿಸಬೇಕು.

5. ಹಡಗು ಕಳ್ಳರ ಪಾಲಾದಾಗ ಪ್ರಯಾಣಿಕರ ಜೀವ ಉಳಿಸಲು ಪ್ರತಿರೋಧ ಕೈಬಿಟ್ಟ ಅಧಿಕಾರಿಯನ್ನು ಶಿಕ್ಷಿಸಬಾರದು.

6. ಸತ್ತವರ, ಗಾಯಗೊಂಡವರ ಕುಟುಂಬಗಳಿಗೆ ಪರಿಹಾರ ದೊರೆಯಬೇಕು. ಚೀನೀ ನಾವಿಕರಿಗೂ ಭಾರತೀಯ ಕಾವಲುಗಾರರಿಗೂ ಯುರೋಪಿಯನ್ ಅಧಿಕಾರಿಗಳಿಗೂ ಅದರಲ್ಲಿ ಭೇದ ಸಲ್ಲದು.

ಈ ವ್ಯಾಪಾರದಿಂದ ವಸಾಹತಿಗೆ ವರಮಾನವಿದೆ; ಅದನ್ನು ಕಾಯುವ ಖರ್ಚನ್ನೂ ವಸಾಹತೇ ಹೊರುವುದು ನ್ಯಾಯ. ಮೇಲಿನ ಬೇಡಿಕೆಗಳಲ್ಲಿ ಮೊದಲನೆಯದನ್ನು ತಡವಿಲ್ಲದೆ ಜಾರಿಗೊಳಿಸಿ, ಉಳಿದವನ್ನು ಪರಿಶೀಲಿಸಲು ನಮ್ಮ ಪ್ರತಿನಿಧಿಗಳೂ ಸದಸ್ಯರಾಗಿರುವ ಸಮಿತಿಯೊಂದನ್ನು ನೇಮಿಸಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಮೇಲ್ಕಂಡ ಮಾರ್ಗಗಳ ಹಡಗು ಅಧಿಕಾರಿಗಳು ಹಾಗೂ ಎಂಜಿನಿಯರುಗಳು