ಎತ್ತರದ ವಾಹನ, ಕಾಣದ ಪಾದಚಾರಿ

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ 2021ರ ಡಿಸೆಂಬರ್ 1ರಂದು ಮೇಲ್ನೋಟಕ್ಕೆ ವಿಚಿತ್ರವೆನಿಸುವ ಕಾನೂನೊಂದು ಜಾರಿಗೆ ಬಂತು. ವಾಹನದ ಮುಂದಿನ ಮಡ್‌ಗಾರ್ಡ್ ಹಿಂದಿನದಕ್ಕಿಂತ ನಾಲ್ಕು ಇಂಚು ಅಥವಾ ಅದಕ್ಕೂ ಹೆಚ್ಚು ಎತ್ತರದಲ್ಲಿರುವಂತೆ ಮಾರ್ಪಡಿಸಿ ರಸ್ತೆಗಿಳಿಸುವುದನ್ನು ಅದು ನಿಷೇಧಿಸಿತು. ಪಿಕಪ್ ಟ್ರಕ್ಕಿನ ಮೂತಿಯನ್ನು ಆಕಾಶಕ್ಕೆತ್ತಿ, ಹಿಂಭಾಗವನ್ನು ನೆಲಕ್ಕಿಳಿಸುವ ಶೋಕಿ ಅಲ್ಲಿ ಅಷ್ಟರಮಟ್ಟಿಗೆ ಬೆಳೆದಿತ್ತು. 2022ರಲ್ಲಿ ವರ್ಜೀನಿಯಾ, 2023ರಲ್ಲಿ ಸೌತ್ ಕ್ಯಾರೊಲಿನಾ ಇದೇ ಹಾದಿ ಹಿಡಿದವು. ವೈಯಕ್ತಿಕ ಸ್ವಾತಂತ್ರ್ಯದ ಹೆಸರಿನಲ್ಲಿ ಸರ್ಕಾರವನ್ನು ದೂರವಿಡಬಯಸುವ ಸಮಾಜವೊಂದು ವಾಹನದ ಎತ್ತರವನ್ನು ಅಳೆಯಲು ಹೊರಟಿದ್ದೇಕೆ?

ಪಿಕಪ್ ಮೂಲತಃ ರೈತರ, ಕಸುಬುದಾರರ ವಾಹನ. ಕೆಸರು, ಬಂಡೆ, ಹಿಮದ ಹಾದಿಯಲ್ಲಿ ತಳ ತಾಗದಂತೆ ಸಾಗಲು ಸಸ್ಪೆನ್ಷನ್ ಎತ್ತರಿಸಿ ದೊಡ್ಡ ಟಯರ್ ಹಾಕಿಸುವುದಕ್ಕೆ ಅರ್ಥವಿದೆ. ಆದರೆ ಅದೇ ವಾಹನ ನಗರದ ಡಾಂಬರು ರಸ್ತೆಗೆ ಬಂದಾಗ ಆ ಎತ್ತರದಿಂದ ಲಾಭವಿಲ್ಲ. ಅಪಾಯ ಮಾತ್ರ ಉಳಿಯುತ್ತದೆ.

ಲೆಕ್ಕ ಸರಳ. 31 ಇಂಚು ವ್ಯಾಸದ ಟಯರ್ ತೆಗೆದು 35 ಇಂಚಿನದನ್ನು ಹಾಕಿದರೆ, ಚಕ್ರ ಒಂದು ಸುತ್ತಿನಲ್ಲಿ ಶೇ 13ರಷ್ಟು ಹೆಚ್ಚು ದೂರ ಕ್ರಮಿಸುತ್ತದೆ. ಸ್ಪೀಡೋಮೀಟರನ್ನು ಅದಕ್ಕೆ ತಕ್ಕಂತೆ ಸರಿಪಡಿಸದಿದ್ದರೆ ಅದು 60 ಕಿ.ಮೀ. ತೋರಿಸುವಾಗ ನಿಜವಾದ ವೇಗ ಸುಮಾರು 68 ಕಿ.ಮೀ. ಆಗಿರುತ್ತದೆ. ಭಾರವಾದ ಆ ದೊಡ್ಡ ಚಕ್ರವನ್ನು ನಿಲ್ಲಿಸಬೇಕಾದ ಬ್ರೇಕ್ ಮಾತ್ರ ಹಳೆಯದೇ. ಗುರುತ್ವ ಕೇಂದ್ರ ಮೇಲೇರುವುದರಿಂದ ತಿರುವಿನಲ್ಲಿ ಮಗುಚುವ ಸಾಧ್ಯತೆ ಹೆಚ್ಚುತ್ತದೆ. ಹೆಡ್‌ಲೈಟ್ ಎದುರಿನ ಚಾಲಕನ ಕಣ್ಣಿಗೇ ರಾಚುತ್ತದೆ. ಬಾನೆಟ್ಟಿನ ಮುಂದೆ ನಿಂತ ಮಗು ಚಾಲಕನಿಗೆ ಕಾಣುವುದೇ ಇಲ್ಲ.

ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯ 2023ರ ಅಧ್ಯಯನ ಇಲ್ಲಿ ಗಮನಾರ್ಹ. 30 ಇಂಚು ಅಥವಾ ಅದಕ್ಕಿಂತ ತಗ್ಗಿನ, ಇಳಿಜಾರು ಬಾನೆಟ್ ಇರುವ ವಾಹನಗಳಿಗೆ ಹೋಲಿಸಿದರೆ, 40 ಇಂಚಿಗಿಂತ ಎತ್ತರದ ಬಾನೆಟ್ ಇರುವ ವಾಹನಗಳು ಪಾದಚಾರಿಗೆ ಗುದ್ದಿದಾಗ ಸಾವು ಸಂಭವಿಸುವ ಸಾಧ್ಯತೆ ಸುಮಾರು ಶೇ 45ರಷ್ಟು ಹೆಚ್ಚು ಎಂದು ಅದು ಹೇಳಿದೆ. ಕಾರ್ಖಾನೆಯಿಂದ ಬಂದ ಎತ್ತರದ್ದೇ ಈ ಪಾಡಾದರೆ, ಅದರ ಮೇಲೆ ಇನ್ನೂ ನಾಲ್ಕಾರು ಇಂಚು ಏರಿಸಿದರೆ ಏನಾದೀತು? ಆ ದೇಶದಲ್ಲಿ 2009ರಲ್ಲಿ ಸುಮಾರು 4,100 ಪಾದಚಾರಿಗಳು ವಾಹನ ಡಿಕ್ಕಿಗೆ ಬಲಿಯಾದರೆ, 2022ರಲ್ಲಿ ಈ ಸಂಖ್ಯೆ 7,500 ದಾಟಿತು. ಇದಕ್ಕೆ ಮಾರ್ಪಡಿಸಿದ ಟ್ರಕ್‌ಗಳೊಂದೇ ಕಾರಣವಲ್ಲ, ನಿಜ. ಆದರೆ ಎತ್ತರದ ಸುಖ ಒಳಗೆ ಕುಳಿತವನಿಗೆ, ಅದರ ಬೆಲೆ ಹೊರಗೆ ನಡೆಯುವವನಿಗೆ ಎಂಬುದರಲ್ಲಿ ಅನುಮಾನವಿಲ್ಲ.

ನಮ್ಮಲ್ಲಿ ಪಿಕಪ್ ಇಂದಿಗೂ ಮುಖ್ಯವಾಗಿ ಸರಕು ಸಾಗಣೆಯ ವಾಹನ. ಆದರೂ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್‌ನಂಥ ಪಿಕಪ್‌ಗಳು, ಮಹೀಂದ್ರಾ ಥಾರ್‌ನಂಥ ಜೀಪುಗಳು ಈ ಹವ್ಯಾಸವನ್ನು ನಮ್ಮ ನಗರಗಳಿಗೂ ತಂದಿವೆ. ಕಾನೂನಿನ ಮಟ್ಟಿಗೆ ನಾವು ಅಮೆರಿಕಕ್ಕಿಂತ ಕಠಿಣ. ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನು ವ್ಯಾಖ್ಯಾನಿಸುತ್ತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯು ಅಕ್ರಮ ಮಾರ್ಪಾಡು ಮಾಡುವ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಿದೆ.

ಆದರೆ ಖಾಸಗಿ ವಾಹನದ ನೋಂದಣಿ 15 ವರ್ಷ ಊರ್ಜಿತ. ಅಲ್ಲಿಯತನಕ ಅದನ್ನು ತಪಾಸಣೆಗೆ ಒಡ್ಡುವ ನಿಯತ ವ್ಯವಸ್ಥೆ ಇಲ್ಲ. ಪೂರ್ಣ ನಿಷೇಧ, ಶೂನ್ಯ ತಪಾಸಣೆ ಎಂಬ ಈ ಸ್ಥಿತಿಯಲ್ಲಿ ಕಾನೂನಿಗೆ ಅಂಜುವವನು ಮಾತ್ರ ಸುಮ್ಮನಿರುತ್ತಾನೆ. ಮಳೆಗಾಲದಲ್ಲಿ ಕೊಡಗಿನ ತೋಟದ ಹಾದಿ ಹಿಡಿಯಬೇಕಾದ ಬೆಳೆಗಾರನ ನೈಜ ಅಗತ್ಯ ಮತ್ತು ಬೆಂಗಳೂರಿನ ಮೇಲ್ಸೇತುವೆಯ ಮೇಲಿನ ಶೋಕಿ ಎರಡನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಜರ್ಮನಿಯಲ್ಲಿ ಇಂಥ ಮಾರ್ಪಾಡುಗಳನ್ನು ಅಧಿಕೃತ ತಜ್ಞರು ಪರಿಶೀಲಿಸಿ ದಾಖಲಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ನಿಗದಿತ ಮಿತಿ ಮೀರಿ ಎತ್ತರಿಸಿದರೆ ಮಾನ್ಯತೆ ಪಡೆದ ಎಂಜಿನಿಯರರ ಪ್ರಮಾಣಪತ್ರ ಬೇಕು. ನಾವೂ ಎತ್ತರಕ್ಕೊಂದು ಮಿತಿ ಗೊತ್ತುಪಡಿಸಿ, ಬ್ರೇಕ್, ದೀಪ, ಸ್ಪೀಡೋಮೀಟರುಗಳ ಪರೀಕ್ಷೆಯನ್ನು ಕಡ್ಡಾಯಗೊಳಿಸಬೇಕು. ಮಿತಿ ಮೀರಿದವರಷ್ಟೇ ಅಲ್ಲ, ಅದಕ್ಕೆ ನೆರವಾಗುವ ಗ್ಯಾರೇಜುಗಳೂ ಉತ್ತರದಾಯಿಗಳಾಗಬೇಕು.

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು, ಅಂದರೆ ಐವರಲ್ಲಿ ಸುಮಾರು ಒಬ್ಬರು. ಪಾದಚಾರಿ ಮಾರ್ಗವೇ ಇಲ್ಲದ ರಸ್ತೆಯ ಅಂಚಿನಲ್ಲಿ ನಡೆಯುವ ಇವರನ್ನು ಕಾಣಲಾಗದ ಎತ್ತರದಲ್ಲಿ ಕುಳಿತು ವಾಹನ ಓಡಿಸುವುದನ್ನು ಯಾರೊಬ್ಬರ ಖಾಸಗಿ ಅಭಿರುಚಿಯ ವಿಚಾರವೆಂದು ಕಾನೂನು ಬಿಟ್ಟುಬಿಡಲಾಗದು.