ಹಾಡಿದ ಮಕ್ಕಳ ಕೂಲಿ ಎಲ್ಲಿ?

1979ರಲ್ಲಿ ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ವಾದ್ಯತಂಡದ ‘ದಿ ವಾಲ್’ ಗೀತಸಂಪುಟ ಹೊರಬಂದಿತು. ಮಕ್ಕಳನ್ನು ಗೋಡೆಯ ಇಟ್ಟಿಗೆಗಳಂತೆ ಒಂದೇ ಅಚ್ಚಿಗೆ ಹಾಕುವ ಶಾಲೆಯನ್ನು ಅದರೊಳಗಿನ ಹಾಡೊಂದು ಧಿಕ್ಕರಿಸಿತು. 1982ರ ಚಲನಚಿತ್ರದಲ್ಲಿ ಆ ಹಾಡಿಗೆ ಮಕ್ಕಳು ಸಾಲಾಗಿ ನಡೆದು ಮಾಂಸ ಅರೆಯುವ ಯಂತ್ರದೊಳಗೆ ಬೀಳುತ್ತಾರೆ. 1980ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಶಾಲೆ ಬಹಿಷ್ಕರಿಸಿದ ವಿದ್ಯಾರ್ಥಿಗಳು ಇದನ್ನೇ ಹಾಡಿದರು; ವರ್ಣದ್ವೇಷಿ ಸರ್ಕಾರ ಹಾಡನ್ನು ನಿಷೇಧಿಸಿತು.

ಹಾಡು ಲಕ್ಷಗಟ್ಟಲೆ ಮಾರಾಟವಾಯಿತು. ಅದಕ್ಕೆ ದನಿಗೂಡಿಸಿದ ಲಂಡನ್ನಿನ 23 ಶಾಲಾಮಕ್ಕಳಿಗೆ ದಕ್ಕಿದ್ದೇನು? ಶಾಲೆಗೆ 1,000 ಪೌಂಡು. ಮಕ್ಕಳ ಕೈಗೆ ಕೂಲಿಯ ಕಾಸಿಲ್ಲ. ಬೆಳೆದು ದೊಡ್ಡವರಾದ ಮೇಲೆ, 2004ರಲ್ಲಿ, ಅವರು ತಮ್ಮ ಪಾಲು ಕೇಳಬೇಕಾಯಿತು.

ಹಾಡನ್ನು ನಾವು ಮೆಚ್ಚುತ್ತೇವೆ. ಆದರೆ ಬಿಡುಗಡೆಯ ಮಾತು ಹಾಡಿಸುವವರು ಹಾಡಿದವರ ಲೆಕ್ಕವನ್ನು ಮೊದಲು ಚುಕ್ತಾ ಮಾಡಬೇಕು. ನೂಲುವ ಕೈಗೆ ಕೂಲಿ ಹೇಗೋ, ಹಾಡುವ ಕೊರಳಿಗೂ ಹಾಗೆಯೇ.