ತರಬೇತಿಯ ಸರಪಳಿಯಲ್ಲಿ ಸೋರಿಹೋಗುವುದೇನು?

ಆಯುಷ್ಮಾನ್ ಭಾರತದ ಅಂಗವಾಗಿ 2020ರ ಫೆಬ್ರವರಿಯಲ್ಲಿ ಆರಂಭಗೊಂಡ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮವು ಕ್ರೈಸ್ತ ಕುಟುಂಬಗಳ ಗಮನವನ್ನೂ ಬೇಡುವಂಥದು. ಪ್ರತಿ ಸರಕಾರಿ ಹಾಗೂ ಅನುದಾನಿತ ಶಾಲೆಯಿಂದ ಇಬ್ಬರು ಶಿಕ್ಷಕರು, ಸಾಧ್ಯವಾದಲ್ಲಿ ಒಬ್ಬ ಪುರುಷ ಹಾಗೂ ಒಬ್ಬ ಮಹಿಳೆ, ಆರೋಗ್ಯ ರಾಯಭಾರಿಗಳಾಗಿ ತರಬೇತಿ ಪಡೆದು ವಾರಕ್ಕೊಂದು ಗಂಟೆ ಮಕ್ಕಳೊಡನೆ ಚಟುವಟಿಕೆಗಳನ್ನು ನಡೆಸಬೇಕೆಂಬುದು ಅದರ ಉದ್ದೇಶ. ಪೋಷಣೆ, ನೈರ್ಮಲ್ಯ, ಮನಸ್ಸಿನ ಆರೋಗ್ಯ, ಮಾದಕ ವ್ಯಸನ, ಮೊಬೈಲಿನ ಸುರಕ್ಷಿತ ಬಳಕೆ ಮೊದಲಾದ 11 ವಿಷಯಗಳ ಕೈಪಿಡಿಯನ್ನು ಎನ್‌ಸಿಇಆರ್‌ಟಿ ಸಿದ್ಧಪಡಿಸಿದೆ.

ಕೈಪಿಡಿ ಒಳ್ಳೆಯದೇ. ಆದರೆ ದಿಲ್ಲಿಯಿಂದ ನಮ್ಮ ಗೋಕಾಕ ಸೀಮೆಯ ಕೌಜಲಗಿಯ ತರಗತಿಗೆ ಅದು ತಲುಪುವ ದಾರಿ ಉದ್ದವಾದುದು. ರಾಷ್ಟ್ರಮಟ್ಟದ ಸಂಪನ್ಮೂಲ ವ್ಯಕ್ತಿಗಳು ರಾಜ್ಯದವರಿಗೆ, ಅವರು ಜಿಲ್ಲೆಯವರಿಗೆ, ಜಿಲ್ಲೆಯವರು ಶಿಕ್ಷಕರಿಗೆ ಕಲಿಸಬೇಕು. ಪ್ರತಿ ಮೆಟ್ಟಿಲಿನಲ್ಲಿಯೂ ಒಂದಿಷ್ಟು ಸೋರುತ್ತದೆ. ಮೊದಲು ಸೋರುವುದು ತತ್ತ್ವವಲ್ಲ, ಸಣ್ಣ ವಿವರ.

ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನೇ ನೋಡೋಣ. 10ರಿಂದ 19 ವರ್ಷದವರಿಗೆ ಮೀಸಲಾದ ಈ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ನಮ್ಮ ರಾಜ್ಯದ ಹದಿಹರೆಯದ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿರುವಾಗ ಅದರ ಅಗತ್ಯವನ್ನು ಪ್ರಶ್ನಿಸುವಂತಿಲ್ಲ. ಆದರೆ ಅದನ್ನು ಊಟದ ನಂತರವೇ ನುಂಗಬೇಕು, ಚಹಾದೊಡನೆ ಕೂಡದು, ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಈ ಮೂರು ಮಾತು ಶಿಕ್ಷಕರವರೆಗೆ ತಲುಪದಿದ್ದರೆ ಖಾಲಿ ಹೊಟ್ಟೆಯ ಮಗು ವಾಂತಿ ಮಾಡಿಕೊಳ್ಳುತ್ತದೆ. ತಾಯಿ ಮುಂದಿನ ವಾರ ಮಾತ್ರೆ ಬೇಡವೆನ್ನುತ್ತಾಳೆ. ಊರಿನಲ್ಲಿ ಹಬ್ಬುವ ವದಂತಿಗೆ ಆಗ ತಾಯಿಯನ್ನು ದೂರುವುದು ನ್ಯಾಯವಲ್ಲ.

ಸೆಮಿನರಿಯಲ್ಲಿ ಓದಿದ ಒಂದು ವಿಚಾರ ಇಲ್ಲಿ ನೆನಪಾಗುತ್ತದೆ. ಸಂತ ತೋಮಸ್ ಅಕ್ವಿನಾಸರು ಗುರುವನ್ನು ವೈದ್ಯನಿಗೆ ಹೋಲಿಸಿದರು: ಗುಣಪಡುವುದು ದೇಹದ ಸ್ವಭಾವ, ವೈದ್ಯ ಅದಕ್ಕೆ ನೆರವಾಗುತ್ತಾನೆ; ಹಾಗೆಯೇ ಅರಿಯುವುದು ವಿದ್ಯಾರ್ಥಿಯ ಬುದ್ಧಿ, ಗುರು ಕೇವಲ ಸಹಾಯಕ. ಈ ಮಾತು ತರಬೇತುದಾರನಿಗೂ ಅನ್ವಯಿಸುತ್ತದೆ. ದಿನವಿಡೀ ಭಾಷಣ ಕೇಳಿ, ಚೀಲ ಮತ್ತು ಪುಸ್ತಕ ಪಡೆದು ಮರಳಿದ ಶಿಕ್ಷಕ ಮಾಹಿತಿಯನ್ನು ಹೊತ್ತು ತಂದಿರಬಹುದು, ಕಲಿಸುವ ಶಕ್ತಿಯನ್ನಲ್ಲ.

ಈ ನೆಲದವರಿಗೆ ಇದನ್ನು ವಿವರಿಸಬೇಕೇ? ಸಮೀಪದ ಕುಲಗೋಡದ ತಮ್ಮಣ್ಣನಿಂದ ಹೆಸರಾದ ಶ್ರೀಕೃಷ್ಣ ಪಾರಿಜಾತ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯನ್ನು ಕಂಡ ಆಟ, ಪುಸ್ತಕ ಹಂಚಿ ಬೆಳೆದುದಲ್ಲ. ಹಿರಿಯರೆದುರು ಹಾಡಿ, ತಪ್ಪಿದಲ್ಲಿ ತಿದ್ದಿಸಿಕೊಂಡವರಿಂದ ಅದು ಉಳಿದು ಬಂದಿದೆ. ತರಬೇತಿಯಲ್ಲಿಯೂ ಶಿಕ್ಷಕರೇ ಎದ್ದು ನಿಂತು ಪಾಠ ಮಾಡಿ ತೋರಿಸಬೇಕು. ತಿಂಗಳೊಪ್ಪತ್ತಿನಲ್ಲಿ ತರಬೇತುದಾರ ಶಾಲೆಗೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಆಲಿಸಬೇಕು. ಖರ್ಚು ಕಡಿಮೆ, ಸಂಕೋಚ ಹೆಚ್ಚು.

ಸಂಕೋಚದ ಮಾತು ಬಂದುದರಿಂದ ಹೇಳುವೆ: ಹುಡುಗಿಯರ ಮುಟ್ಟಿನ ವಿಷಯದ ಪುಟ ಬಂದಾಗ "ಮನೆಯಲ್ಲಿ ಓದಿಕೊಳ್ಳಿ" ಎಂದು ಮುಂದೆ ಸಾಗುವುದುಂಟು. ಮಹಿಳಾ ಶಿಕ್ಷಕಿಯೂ ಇರಲೆಂದು ಯೋಜನೆ ಬಯಸಿದ್ದು ಇದಕ್ಕಾಗಿಯೇ. ಶಿಕ್ಷಕಿಯರಿಲ್ಲದ ಹಳ್ಳಿಯ ಶಾಲೆಗೆ ಆಶಾ ಕಾರ್ಯಕರ್ತೆಯನ್ನೋ ದಾದಿಯರಾದ ನಮ್ಮ ಕನ್ಯಾಸ್ತ್ರೀಯರನ್ನೋ ಕರೆಯಬಹುದು.

ನಮ್ಮ ಧರ್ಮಪ್ರಾಂತ್ಯಗಳ ಶಾಲೆಗಳಲ್ಲಿ ಅನುದಾನರಹಿತವಾದವು ಅನೇಕ; ಯೋಜನೆಯ ಪಟ್ಟಿಯಲ್ಲಿ ಅವುಗಳಿಗೆ ಸ್ಥಾನವಿಲ್ಲ. ಆಹ್ವಾನ ಬರಲಿಲ್ಲವೆಂದು ಸುಮ್ಮನಿರುವುದಕ್ಕಿಂತ, ನೆರೆಯ ಸರಕಾರಿ ಶಾಲೆಯ ತರಬೇತಿ ಪಡೆದ ಶಿಕ್ಷಕರನ್ನು ಶನಿವಾರವೊಂದು ನಮ್ಮಲ್ಲಿಗೆ ಕರೆಸಿಕೊಳ್ಳಬಾರದೇಕೆ? ಜೂನ್ ತಿಂಗಳ ಪಾಲಕರ ಸಭೆಯಲ್ಲಿ, ಅಂಕಗಳ ವಿಚಾರ ಮುಗಿದ ಮೇಲಾದರೂ, ವೇಳಾಪಟ್ಟಿಯಲ್ಲಿ ಆ ಒಂದು ಗಂಟೆ ಎಲ್ಲಿದೆಯೆಂದು ಕೇಳಿರಿ.